ಕುರ್ಚಿಯ ಕಾಲು, ಯಜಮಾನರ ಹಲ್ಲು

ಗಂಡ ಜೂಜಾಡಿದರೆ ತವರಿಗೆ ಹೋಗಿ ಹೇಳಿಕೊಳ್ಳಬಹುದು; ಗಂಡನಿಗೆ ಸಿದ್ಧಾಂತ ಅಂಟಿಕೊಂಡರೆ ಯಾರ ಹತ್ತಿರ ಹೇಳುವುದು? ಆಕೆಯ ಯಜಮಾನರು ಹಳೆಯ ಕಟ್ಟಡಗಳನ್ನು ಉಳಿಸುವ ಆರ್ಕಿಟೆಕ್ಟ್. ಆಫೀಸಿನಲ್ಲಿ ಅಡ್ಡಹೆಸರು ಹಳೇಗೋಡೆ. ಅವರದು ಒಂದೇ ಮಂತ್ರ: ಹಳೆಯದು ಹಳೆಯದಾಗಿಯೇ ಇರಲಿ, ಹೊಸದಾಗಿ ಸೇರಿಸಿದ್ದು ಹೊಸದಾಗಿಯೇ ಕಾಣಲಿ, ಎರಡನ್ನೂ ಒಂದೇ ಥರ ಮಾಡಿದರೆ ಚರಿತ್ರೆಗೆ ಮೋಸ. ಕಲ್ಲುಕಂಬದ ಪಕ್ಕ ಉಕ್ಕಿನ ಕಂಬ ನಿಲ್ಲಿಸಿ ಬಹುಮಾನ ಗಿಟ್ಟಿಸಿದ ಮಹಾನುಭಾವರು. (ಆ ಬಹುಮಾನದ ಧೂಳು ಒರೆಸುವವಳು ಆಕೆ, ಅದು ಬೇರೆ ಮಾತು.)

ಊರ ಕಟ್ಟಡಗಳ ಪಾಡು ಊರಿಗಿರಲಿ. ತೀರಿಹೋದ ತನ್ನ ಅಪ್ಪನ ಕುರ್ಚಿಯ ಕಾಲು ಮುರಿದಾಗ ಮಾತ್ರ ಆಕೆಗೆ ಸುಮ್ಮನಿರಲಾಗಲಿಲ್ಲ. ಕೊನೆಗಾಲದಲ್ಲಿ ಅಪ್ಪ ಅದರಲ್ಲೇ ಕೂತು ಕಿಟಕಿಯಾಚೆ ನೋಡುತ್ತಿದ್ದರು. ಕೈ ಇಡುತ್ತಿದ್ದ ಜಾಗ ಇನ್ನೂ ಸವೆದು ಹೊಳೆಯುತ್ತಿತ್ತು. ಮೊದಲಿದ್ದ ಹಾಗೇ ಮಾಡಿಸಿಕೊಡಿ ಎಂದಷ್ಟೇ ಆಕೆ ಕೇಳಿದ್ದು. ಹಳೇಗೋಡೆ ಸಾಹೇಬರು ವಾಪಸು ತಂದ ಕುರ್ಚಿಗೆ ಮೂರು ಕಾಲು ತೇಗದ್ದು, ನಾಲ್ಕನೆಯದು ಫಳಫಳ ಸ್ಟೀಲು. ಆಕೆ ಒಳಗೆ ಹೋಗಿ ಅತ್ತು ಬಂದಳು.

ಆನೆ ಕೂತರೂ ಅಲ್ಲಾಡುವುದಿಲ್ಲ ನೋಡು ಎನ್ನುತ್ತಾ ಸಾಹೇಬರು ತಾವೇ ಕೂತು, ಮುಂದಕ್ಕೆ ವಾಲಿ ತೋರಿಸಿದರು. ನುಣುಪು ನೆಲದ ಮೇಲೆ ಸ್ಟೀಲು ಸರ್ರನೆ ಜಾರಿತು. ಬಾಯಿ ಎದುರಿದ್ದ ಮೇಜಿನ ಅಂಚಿಗೆ ಬಡಿದು ಮುಂದಿನ ಹಲ್ಲು ಕೈಗೆ ಬಂತು.

ಹಲ್ಲಿನ ಡಾಕ್ಟರ ಹತ್ತಿರ ಅವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಅಂಗಲಾಚಿದರು. ಬಣ್ಣ, ಸೊಟ್ಟ, ಕಾಫಿ ಕಲೆ ಎಲ್ಲ ಮೊದಲಿನಂತೆಯೇ ಇರಬೇಕಂತೆ, ಯಾರಿಗೂ ಗೊತ್ತಾಗಬಾರದಂತೆ, ಮುಂದಿನ ವಾರ ಭಾಷಣವಿದೆಯಂತೆ.

"ಇವ್ರಿಗೆ ಸ್ಟೀಲಿಂದೇ ಹಾಕಿ ಡಾಕ್ಟ್ರೇ," ಎಂದಳು ಆಕೆ. "ಹೊಸದು ಹೊಸದಾಗೇ ಕಾಣ್ಬೇಕು."

"ಕುರ್ಚೀನೇ ಬೇರೆ, ಹಲ್ಲೇ ಬೇರೆ ಕಣೇ. ಇದು ನನ್ನ ಮುಖ."

"ಅದು ನಮ್ಮಪ್ಪ ಕೂತಿದ್ದ ಜಾಗ ರೀ."

ಡಾಕ್ಟರು ಏನೂ ಕೇಳಿಸದವರಂತೆ ಹಲ್ಲಿನ ಬಣ್ಣದ ಮಾದರಿಗಳನ್ನು ಜೋಡಿಸುತ್ತಾ ಕೂತರು.

ಹೊಸ ಹಲ್ಲು ಹಳೆಯದರ ಪಡಿಯಚ್ಚಾಗಿ ಬಂತು. ಸಂರಕ್ಷಣೆಯಲ್ಲಿ ನಕಲಿಗೆ ಜಾಗವಿಲ್ಲ ಎಂದು ಅದೇ ಹಲ್ಲು ಬಿಟ್ಟುಕೊಂಡು ಭಾಷಣ ಮಾಡಿ ಸಾಹೇಬರು ಚಪ್ಪಾಳೆ ಗಿಟ್ಟಿಸಿದರು. ಚಪ್ಪಾಳೆ ತಟ್ಟದವಳು ಸಭೆಯಲ್ಲಿ ಆಕೆ ಒಬ್ಬಳೇ. ಅದು ಚುಚ್ಚಿತೋ ಏನೋ, ಮನೆಗೆ ಬಂದವರೇ ಮೆತ್ತಗೆ, ಕುರ್ಚಿಗೂ ತೇಗದ ಕಾಲು ಮಾಡಿಸುತ್ತೇನೆ, ಗುರುತೇ ಸಿಗದ ಹಾಗೆ ಮಾಡಿಸುತ್ತೇನೆ ಎಂದರು.

ಆಕೆ ಕುರ್ಚಿಯ ಕೈ ಒರೆಸುತ್ತಿದ್ದಳು. "ಬೇಡ ರೀ. ಎಲ್ಲಿ ಮುರೀತು ಅಂತ ಕಾಣ್ತಾನೇ ಇರ್ಲಿ. ನೀವೇ ಹೇಳಿದ್ದಲ್ವಾ?"

ಹಳೇಗೋಡೆ ಸಾಹೇಬರು ಈಗಲೂ ಊರೆಲ್ಲ ಧಾರಾಳವಾಗಿ ನಗುತ್ತಾರೆ. ಮನೆಯಲ್ಲಿ, ಆ ಕುರ್ಚಿಯ ಎದುರು, ಬಾಯಿ ಮುಚ್ಚಿಕೊಂಡಿರುತ್ತಾರೆ.