ಹರಿಯದ ಮೊಣಕೈಗೆ ಕಾಕಾನ ತ್ಯಾಪಿ

ನಮ್ಮ ಕಾಕಾನಿಗೆ ಮನುಷ್ಯರು ಕಾಣುವುದಿಲ್ಲ, ಮೊಣಕೈಗಳಷ್ಟೇ ಕಾಣುತ್ತವೆ. ಕಮರಿಪೇಟೆಯ ಅವನ ಮನೆಗೆ ಹೋದರೆ, ಆರಾಮ ಇದ್ದೀಯಾ ಎಂದು ಕೇಳುತ್ತಲೇ ತೋಳು ಹಿಡಿದು ಮೊಣಕೈ ತಿರುಗಿಸಿ ನೋಡುತ್ತಾನೆ. ಉತ್ತರ ಅಲ್ಲೇ ಇರುತ್ತದಂತೆ!

ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಕಾಕಾ ಹಿಡಿದ ಕಸುಬಿದು: ಕೋಟು, ಸ್ವೆಟರುಗಳ ಮೊಣಕೈಗೆ ಸ್ವೇಡ್ ಚರ್ಮದ ತ್ಯಾಪಿ ಹಚ್ಚುವುದು. ಸ್ವೇಡ್ ಎಂದರೆ, ಮುಟ್ಟಿದರೆ ಕರುವಿನ ಕಿವಿಯಂತಿರುವ ಚರ್ಮ. ಹರಿದ ಮೇಲೆ ತ್ಯಾಪಿ ಹಚ್ಚುವವರು ಊರ ತುಂಬ ಇದ್ದಾರೆ. ಕಾಕಾ ಹರಿಯುವ ಮೊದಲೇ ಹಚ್ಚುತ್ತಾನೆ. ಹುಬ್ಬಳ್ಳಿಯಲ್ಲಿ ಸ್ವೆಟರು ಹೊರಬರುವುದೇ ವರ್ಷಕ್ಕೆ ಹದಿನೈದು ದಿನ ಎಂದು ಅವನಿಗೆ ಯಾರು ಹೇಳಬೇಕು? ಒಂದು ದೀಪಾವಳಿಗೆ ನನ್ನ ಹೆಂಡತಿಯ ಸ್ವೇಡ್ ಬ್ಯಾಗು ಕಾಣೆಯಾಯಿತು. ಸಂಕ್ರಾಂತಿಗೆ ಸಿಕ್ಕಿತು, ನನ್ನ ಇಬ್ಬರು ತಮ್ಮಂದಿರ ತೋಳುಗಳ ಮೇಲೆ.

ಅಳತೆಗೆ ಟೇಪು ಹಿಡಿಯುವುದಿಲ್ಲ. ಮೇಜಿನ ಮೇಲೆ ಸೀಮೆಸುಣ್ಣದ ಪುಡಿ ಹರವಿ, ಕೋಟು ತೊಟ್ಟವನನ್ನು ಕೂರಿಸಿ, ಚಹಾ ಕೊಟ್ಟು ಮಾತಿಗೆಳೆಯುತ್ತಾನೆ. ಎದ್ದಾಗ ಗುರುತು ಎಲ್ಲಿ ಬಿದ್ದಿರುತ್ತದೋ ಅಲ್ಲೇ ತ್ಯಾಪಿ.

"ಟೇಪಿಗೆ ಕೈ ಉದ್ದ ಗೊತ್ತಾಕ್ಕೈತಿ," ಅನ್ನುತ್ತಾನೆ. "ಮನಷ್ಯಾ ಹೆಂಗ ಕುಂಡ್ರತಾನ ಅನ್ನೂದು ಗೊತ್ತಾಗಂಗಿಲ್ಲ."

ಈ ಸಲ ಅವನ ಕಣ್ಣಿಗೇ ಪೊರೆ ಬಂತು. ಆಪರೇಶನ್ ಆಗಲೇಬೇಕೆಂದರು ಡಾಕ್ಟರು. ಚಿಂತೆ ನನಗೆ ಪಿತ್ರಾರ್ಜಿತವಾಗಿ ಬಂದ ಏಕೈಕ ಆಸ್ತಿ. ದೃಷ್ಟಿ ಮರಳದಿದ್ದರೆ ಸೂಜಿ ಹೋಯಿತು. ಸೂಜಿ ಹೋದರೆ ಕಾಕಾ ಏನಾಗಬೇಕು? ಮದುವೆಯೊಂದಕ್ಕೆ ಹೊಲಿಸಿದ್ದ ಹೊಸ ಕೋಟು ತೊಟ್ಟೇ ಅವನ ಮನೆಗೆ ಹೋಗಿ, ಮೇಜಿಗೆ ಕೂತು, ಏನೇನು ಕೆಡಬಹುದೆಂಬುದನ್ನೆಲ್ಲ ಧೈರ್ಯ ಹೇಳುವ ದನಿಯಲ್ಲಿ ವಿವರಿಸಿದೆ. ಎದ್ದಾಗ ತೋಳೆಲ್ಲ ಬಿಳಿ.

"ಕೋಟ ಬಿಟ್ಟು ಹೋಗು," ಎಂದ ಕಾಕಾ. "ಆಪರೇಶನ್‌ಕಿಂತ ಮೊದಲ ಇದೊಂದು ಮುಗಿಸಿಬಿಡ್ತೇನಿ."

ಇಲ್ಲವೆನ್ನುವುದು ಹೇಗೆ?

ಕೋಟು ಮರಳಿ ಬಂತು. ಬಲತ್ಯಾಪಿ ಸರಿಯಾಗಿತ್ತು. ಎಡದ್ದು ಮಾತ್ರ ಎರಡು ಬೆರಳು ಕೆಳಗೆ ಜಾರಿ ಸೊಟ್ಟಗೆ ಕೂತಿತ್ತು. ಕಣ್ಣು ಇಷ್ಟು ಹೋಗಿದೆಯೇ ಎಂದು ಹೆಂಡತಿಗೆ ತೋರಿಸಿದೆ.

"ದರ್ಜಿ ಕಡೆ ಬಿಚ್ಚಿಸಿಬಿಡ್ರಿ," ಎಂದಳು ಹೆಂಡತಿ. "ಪಾಪ, ಕಾಕಾರಿಗೆ ಏನ್ ಕಾಣತೈತ್ರಿ."

ಆಪರೇಶನ್ ದಿನ ಅವನ ಮುಲಾಜಿಗೆ ಅದನ್ನೇ ತೊಟ್ಟು ಆಸ್ಪತ್ರೆಗೆ ಹೋದೆ. ಸಂಜೆ ದರ್ಜಿಯ ಹತ್ತಿರ ಹೋದರಾಯಿತು. ಕಾಕಾನನ್ನು ಒಳಗೆ ಕರೆದೊಯ್ದರು. ನಾನು ಹೊರಗಿನ ಮೇಜಿಗೆ ಕೂತು, ಎಡಗೈಯನ್ನು ಗಲ್ಲಕ್ಕೆ ಕೊಟ್ಟು, ಚಿಂತೆಗಳನ್ನು ಒಂದೊಂದಾಗಿ ತೆಗೆದೆ. ಎಷ್ಟೋ ಹೊತ್ತಿನ ಮೇಲೆ ತೋಳಿನ ಕಡೆ ಕಣ್ಣು ಹೋಯಿತು. ಆ ತ್ಯಾಪಿ ಒಂದು ನೂಲೂ ಆಚೀಚೆಯಾಗದೆ, ಮೇಜಿಗೂ ನನಗೂ ನಡುವೆ ಸರಿಯಾಗಿ ಕೂತಿತ್ತು. ಸೊಟ್ಟಗಿದ್ದದ್ದು ತ್ಯಾಪಿಯಲ್ಲ, ನಾನು.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕಾಕಾ ಹೊರಬಂದ. ಡಾಕ್ಟರು ಎಲ್ಲ ಛಲೋ ಆಗಿದೆ ಎಂದರು. ನಡೆಯಲು ಆಸರೆಗೆಂದು ನನ್ನ ಎಡತೋಳು ಹಿಡಿದ ಅವನ ಬೆರಳು ತ್ಯಾಪಿಯ ಮೇಲೆ ನಿಂತವು. ಚರ್ಮದ ನವಿರೆಲ್ಲ ಮೇಜಿಗೆ ತಿಕ್ಕಿ ಮಲಗಿಬಿಟ್ಟಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ಸವರಿ ಅದನ್ನು ಎಬ್ಬಿಸುತ್ತ ಹೇಳಿದ:

"ಮುಂಜಾನಿಂದ ಎದ್ದೇ ಇಲ್ಲಲ್ಲೋ, ತಮ್ಮಾ."