ಡ್ರಿಲ್ ಮಾಸ್ತರರ ಬೇಸ್‌ಬಾಲೂ ಜಯವ್ವನ ಬಟಾಟಿಯೂ

ಬ್ಯಾಡಗಿಯ ಹೈಸ್ಕೂಲಿನ ಡ್ರಿಲ್ ಮಾಸ್ತರ ಮೈಲಾರೆಪ್ಪನವರಿಗೆ ತಮ್ಮ ಊರಿನ ಮೇಲೆ ಒಂದು ಸಿಟ್ಟಿತ್ತು. ಇಲ್ಲಿ ಮೆಣಸಿನಕಾಯಿಗಿರುವ ಮರ್ಯಾದೆ ಮನುಷ್ಯನಿಗಿಲ್ಲ. ಕಾಯಿ ಬಂದರೆ ಇಡೀ ಪೇಟೆ ಎದ್ದು ನಿಂತು ಸೀನುತ್ತದೆ. ಅದೇ ಅವರು ಬೆಂಗಳೂರಿನಲ್ಲಿ ಬೇಸ್‌ಬಾಲ್ ಎಂಬ ಆಟದ ತರಬೇತಿ ಮುಗಿಸಿ, ಬ್ಯಾಟನ್ನು ಗದೆಯಂತೆ ಹೆಗಲಿಗೇರಿಸಿಕೊಂಡು ರೈಲಿಳಿದಾಗ ಮಾತಾಡಿಸಿದವನು ಒಬ್ಬ ಹಮಾಲ ಮಾತ್ರ. "ಸರ, ಬೆಂಗಳೂರಾಗ ಒನಕಿ ಸೋವಿ ಏನ್ರಿ?" ಎಂದು.

ಹೆಡ್‌ಮಾಸ್ತರರು ಬ್ಯಾಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಬರೂ ತಿಂಗಳ ಹಾವೇರ್ಯಾಗ ಮಾಸ್ತರಗೋಳ ಬೇಸ್‌ಬಾಲ್ ಮ್ಯಾಚ್ ಐತಿ. ಅಲ್ಲಿ ನಮ್ಮ ಸಾಲಿ ಹೆಸರು ಉಳಿಸಿದ್ರ ಈ ಆಟಾನೂ ಉಳಿತೈತಿ. ಇಲ್ಲಂದ್ರ ಗಂಟಿ ಹೊಡಿಯೂ ಕಟಗಿ ಮುರದೈತಿ, ಇದನ್ನ ಸಿಪಾಯಿ ಗೋಣೆಪ್ಪನ ಕೈಯಾಗ ಕೊಡ್ತೇನಿ" ಎಂದರು.

ಮೈಲಾರೆಪ್ಪನವರು ಬ್ಯಾಟನ್ನು ಮೆಲ್ಲಗೆ ವಾಪಸು ಇಸಿದುಕೊಂಡರು. ತರಬೇತಿಯುದ್ದಕ್ಕೂ ಅವರ ಬ್ಯಾಟು ಗಾಳಿಯನ್ನಲ್ಲದೆ ಬೇರೇನನ್ನೂ ಹೊಡೆದಿರಲಿಲ್ಲ. (ಗಾಳಿಯನ್ನು ಮಾತ್ರ ಬಹಳ ಚೆನ್ನಾಗಿ ಹೊಡೆದಿದ್ದರು.) ಈ ಪರಮರಹಸ್ಯ ಬೆಂಗಳೂರಿನ ಕೋಚಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಅಖಂಡ ಸಾಧನೆ ಶುರುವಾಯಿತು. ಹಲ್ಲುಜ್ಜುತ್ತ, ಹಾಲಿಗೆ ನಿಂತಲ್ಲಿ, ದೇವರಿಗೆ ಊದಿನಕಡ್ಡಿ ಬೆಳಗುವಾಗಲೂ ಮಾಸ್ತರರ ಹಿಂಗಾಲು ಗರಗರ ತಿರುಗತೊಡಗಿತು.

"ಕಾಲಿಗೇನಾತ್ರಿ? ಹುಳಾ ಕಡೀತೇನು?" ಎಂದು ಹೆಂಡತಿ ಜಯವ್ವ ಗಾಬರಿಯಾಗಿ ಕೇಳಿದಳು.

"ಇದು ಶಾಸ್ತ್ರ. ಜಿರಳಿ ತುಳದು ಅರದಂಗ ಹಿಂದಿನ ಕಾಲು ತಿರುಗಬೇಕು. ಮೊದಲ ಸೊಂಟ, ಆಮ್ಯಾಲ ಕೈ."

"ಖರೇ ಜಿರಳಿ ಅಡಗಿಮನ್ಯಾಗ ಅದಾವು. ಅಲ್ಲಿ ಬಂದು ಶಾಸ್ತ್ರಾ ಮಾಡ್ರಿ, ನನಗರ ಉಪಕಾರ ಆಗ್ತೈತಿ."

ಕಾಲು ತಿರುಗಿತು, ಸೊಂಟವೂ ತಿರುಗಿತು. ಆದರೆ ಹೊಡೆಯಲು ಚೆಂಡೇ ಇರಲಿಲ್ಲ. ಶಾಲೆಗೆ ಬಂದ ಒಂದೇ ಚೆಂಡನ್ನು ಹೆಡ್‌ಮಾಸ್ತರರು ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದರು. ಕೊನೆಗೆ ಮಾಸ್ತರರ ಕಣ್ಣು ಬಟಾಟಿ ಬುಟ್ಟಿಯ ಮೇಲೆ ಬಿತ್ತು. ಗಂಡನ ಮುಖ ನೋಡಲಾರದೆ ಜಯವ್ವ ಒಪ್ಪಿದಳು. ಆದರೆ ಕರಾರು ಹಾಕಿದಳು.

"ನಾ ಒಗೀತೇನಿ, ನೀವು ಹೊಡೀರಿ. ಹೊಡದದ್ದನ್ನ ನೀವ ಓಡಿ ಹೋಗಿ ಆರಿಸ್ಕೊಂಡು, ಮಣ್ಣು ಒರಸಿ ನನ್ನ ಬುಟ್ಟಿಗೆ ತಂದು ಹಾಕಬೇಕು. ತಡಾ ಮಾಡಿದ್ರ ಮೆಹಬೂಬಿ ಕೋಳಿ ಬಿಡೂದಿಲ್ಲ."

ಪಕ್ಕದ ಮನೆಯ ಮೆಹಬೂಬಿಯ ಕೋಳಿಗಳು ಗೋಡೆಯ ಮೇಲೆ ಸಾಲಾಗಿ ಕುಳಿತು ಕಾಯುತ್ತಿದ್ದವು. ಜಯವ್ವ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಒಂದೊಂದೇ ಬಟಾಟಿ ತೂರುವಳು. ಕೈ ಆಡುವಾಗ ಬಾಯಿ ಸುಮ್ಮನಿರುವ ಹೆಣ್ಣಲ್ಲ ಅವಳು.

"ಗಿರಣ್ಯಾಗಿನ ಹಿಟ್ಟು ತಂದಿಲ್ಲ!" ಫಟ್!

"ಹಂಚು ಸೋರಾಕತ್ತಾವ!" ಫಟ್!

"ನಮ್ಮ ತವರಿಗೆ ಹೋಗಿ ವರ್ಷಾತು!" ಈ ಬಟಾಟಿಯಂತೂ ಮೆಹಬೂಬಿಯ ಮಾಳಿಗೆಯ ಮೇಲೆ ಹೋಗಿ ಬಿತ್ತು.

ಹೊಡೆತವಾದೊಡನೆ ಮಾಸ್ತರರು ಕೋಳಿಗಳಿಗಿಂತ ಮೊದಲೇ ಓಡಿ, ಬಟಾಟಿಯನ್ನು ಅಂಗಿಯ ಚುಂಗಿನಿಂದ ಒರೆಸಿ ಬುಟ್ಟಿಗೆ ಹಾಕುವರು. ಜಯವ್ವನಿಗೆ ನೆಗಡಿಯಾಗಿ ಗಂಟಲು ಕಟ್ಟಿದ ದಿನ ಮಾತ್ರ ಒಂದೂ ತಾಗಲಿಲ್ಲ. ಬೈಗುಳದ ಕೊನೆಯ ಅಕ್ಷರಕ್ಕೆ ಸರಿಯಾಗಿ ಬ್ಯಾಟು ಬೀಸುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ದಿನಾ ರಾತ್ರಿ ಒಡೆದ ಬಟಾಟಿಯ ಪಲ್ಯ. ಹೆಚ್ಚುವ ಕೆಲಸ ತಪ್ಪಿತೆಂದು ಜಯವ್ವನಿಗೂ ಈ ಆಟದ ಮೇಲೆ ತುಸು ಪ್ರೀತಿ ಹುಟ್ಟಿತು.

ಮ್ಯಾಚಿನ ದಿನ ಹಾವೇರಿಯ ಮೈದಾನಕ್ಕೆ ಜಯವ್ವ ಹೊಸ ಇಳಕಲ್ ಸೀರೆಯುಟ್ಟು ಬಂದು ಮುಂದಿನ ಸಾಲಿನಲ್ಲೇ ಕುಳಿತಳು. ರಾಣೇಬೆನ್ನೂರಿನಿಂದ ಅವಳ ತಮ್ಮ ಡಾಕಪ್ಪನೂ ಬಂದಿದ್ದ. ಅವನು ಅಲ್ಲಿಯ ಕ್ರಿಕೆಟ್ ಟೀಮಿನ ಕ್ಯಾಪ್ಟನ್. ಭಾವನ ಆಟವನ್ನು ಆಟವೆಂದೇ ಒಪ್ಪದವನು.

"ಮಾಮಾ, ಸ್ಟಂಪ್ ಎಲ್ಲಿ ಅದಾವು? ತುಡುಗು ಮಾಡ್ಯಾರೇನು?" ಎಂದು ಭಾವನಿಗೆ ಕೂಗಿದ.

ಮೈಲಾರೆಪ್ಪನವರ ಸರದಿ ಬಂತು. ಮೊದಲ ಚೆಂಡಿಗೆ ಕಾಲು ತಿರುಗಿತು, ಸೊಂಟ ತಿರುಗಿತು, ಚೆಂಡು ಹಿಂದೆ ಹೋಯಿತು. ಎರಡನೆಯದೂ ಹಾಗೆಯೇ. ಇನ್ನೊಂದು ತಪ್ಪಿದರೆ ಮುಗಿಯಿತು. ಎದುರಿನವನು ಬಾಯಿ ಬಿಗಿದುಕೊಂಡು ಎಸೆಯುತ್ತಿದ್ದ. ಮಾಸ್ತರರಿಗೆ ಅದೇ ತ್ರಾಸು. ಹೆಡ್‌ಮಾಸ್ತರರು ಆಗಲೇ ಗೋಣೆಪ್ಪನ ಕಡೆ ನೋಡಿ ನಕ್ಕರು. ಅದನ್ನು ಕಂಡು ಜಯವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಚೆಂಡು ಎದುರಿನವನ ಕೈಬಿಟ್ಟಿತೋ ಇಲ್ಲವೋ, ಎದ್ದು ನಿಂತು ಚೀರಿದಳು:

"ಹಂಚು ಇನ್ನೂ ಸೋರಾಕತ್ತಾವ!"

ಫಟ್!

ಚೆಂಡು ಎಲ್ಲರ ತಲೆಯ ಮೇಲಿಂದ ಹಾರಿ ಮೈದಾನದ ಆಚೆ ತುದಿಯ ಬೇಲಿಯ ಹತ್ತಿರ ಬಿತ್ತು. ಮಂದಿ ಎದ್ದು ಸಿಳ್ಳೆ ಹೊಡೆದರು. ಡಾಕಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. "ಓಡ್ರಿ! ಲಗೂ ಓಡ್ರಿ!" ಎಂದು ಜಯವ್ವ ಕೂಗಿದಳು.

ಮೈಲಾರೆಪ್ಪನವರು ಓಡಿದರು. ಜನ್ಮದಲ್ಲಿ ಹಾಗೆ ಓಡಿರಲಿಲ್ಲ. ಹೊಡೆದವನು ಓಡಿ ಮುಟ್ಟಬೇಕಾದ, ಬಲಕ್ಕಿದ್ದ ಮೊದಲ ಬೇಸಿನ ಕಡೆಗಲ್ಲ. ನೆಟ್ಟಗೆ ಚೆಂಡಿನ ಕಡೆಗೆ. ಎದುರು ತಂಡದ ಗಣಿತದ ಮಾಸ್ತರನೊಬ್ಬ ಚೆಂಡಿಗೆ ಬಗ್ಗಿದ್ದ. ಅವನನ್ನು "ಹುಶ್! ಹುಶ್!" ಎಂದು ಓಡಿಸಿ, ಚೆಂಡನ್ನು ಎತ್ತಿಕೊಂಡು, ಅಂಗಿಯ ಚುಂಗಿನಿಂದ ಒರೆಸುತ್ತ ಅಷ್ಟೂ ಮೈದಾನ ದಾಟಿ ಓಡಿ ಬಂದು, ಹೆಂಡತಿಯ ಮುಂದೆ ಹಿಡಿದು ನಿಂತರು. ಅಂಪೈರ್ ಔಟ್ ಕೊಟ್ಟದ್ದು ಅವರಿಗೆ ಕೇಳಿಸಲೇ ಇಲ್ಲ.

ಜಯವ್ವ ಚೆಂಡನ್ನು ನೋಡಿದಳು, ಗಂಡನನ್ನು ನೋಡಿದಳು.

"ಬುಟ್ಟಿ ತಂದಿಲ್ಲಲ್ರೀ" ಎಂದಳು ಮೆಲ್ಲಗೆ.

ಸೋಮವಾರ ಶಾಲೆಯ ಗಂಟೆ ಹೊಸ ದನಿಯಲ್ಲಿ ಮೊಳಗಿತು. ವರಾಂಡದಲ್ಲಿ ನಿಂತಿದ್ದ ಮೈಲಾರೆಪ್ಪನವರು ತಡೆಯಲಾರದೆ ಕೂಗಿದರು:

"ಗೋಣೆಪ್ಪಾ, ಮೊದಲ ಸೊಂಟ ತಿರುಗಿಸೋ ಮಾರಾಯಾ!"