ತಳಕಲ್ಲಿನ ಹುಡುಗಿಯ ರಾಜನ ಪಾರ್ಟು

ಕೊಪ್ಪಳದ ಹೊರಗ, ಹಿಟ್ನಾಳ ರಸ್ತೆಗೆ ನಮ್ಮ ಸರ್ಕಾರಿ ಹೈಸ್ಕೂಲು. ಚಿತ್ರ, ಹಾಡು, ನಾಟಕ ಬ್ಯಾರೆ ಕಲಿಸ್ತಾರಂತ ಯಲಬುರ್ಗಾ, ಕುಷ್ಟಗಿ ಕಡಿಂದನೂ ಮಕ್ಕಳು ಬಂದು ಹಾಸ್ಟೆಲಿನ್ಯಾಗ ಇರ್ತಿದ್ರು. ಎಪ್ಪತ್ತರ ದಶಕದಾಗ ನಾನು ಅಲ್ಲಿ ನಾಟಕದ ಮಾಸ್ತರ. ನಗಬಾರದಂತ ಹಲ್ಲು ಕಚ್ಚಿ ಕುಂತ್ರೂ ಅಂಥ ಸಾಲ್ಯಾಗ ಏನರ ಒಂದು ಫಜೀತಿ ಆಗೇ ಆಗ್ತಿತ್ತು.

ಸವತಿಕಾಯಿ

ಒಂದಿನ ಚಿತ್ರದ ಮಾಸ್ತರು ತಾಟಿನ್ಯಾಗ ಸವತಿಕಾಯಿ, ಉಳ್ಳಾಗಡ್ಡಿ ಜೋಡಿಸಿಟ್ಟು, ಕಂಡದ್ದನ್ನ ಕಂಡಂಗ ತಗೀರಿ ಅಂತ ಹೇಳಿ ಚಾ ಕುಡಿಯಾಕ ಹೋದ್ರು. ಊಟದ ಹೊತ್ತು, ಮಕ್ಕಳ ಗಂಟಿನ್ಯಾಗ ರೊಟ್ಟಿ ಇದ್ವು. ಮುಂದಿಂದು ಹೇಳೋದು ಬ್ಯಾಡ. ಮಾಸ್ತರು ಬರೋದ್ರಾಗ ತಾಟು ಖಾಲಿ. ಎಲ್ಲಾರೂ ತಲಿ ತಗ್ಗಿಸಿದ್ರ, ತಳಕಲ್ಲಿನ ಒಬ್ಬ ಹುಡುಗಿ ಖಾಲಿ ತಾಟಿನ ಚಿತ್ರ ತಗದು ಮುಂದ ಹಿಡದ್ಲು.

"ಕಂಡದ್ದು ಇಷ್ಟರೀ ಸರ್."

ಬಯ್ಯಾಕ ಬಾಯಿ ತಗದವರು ಪೂರಾ ಮಾರ್ಕ್ಸ್ ಕೊಟ್ರು.

ಮೀಸಿ

ಇಂಥ ಧೈರ್ಯದಾಕಿ ನನ್ನ ನಾಟಕಕ್ಕ ಬೇಕು ಅಂದೆ. ಆಕಿಗೂ ಭಾಳ ಆಸೆ. ಒಕ್ಕಲುತನ ಮಾಡೋ ಅವರಪ್ಪ ಸುದ್ದಿ ಕೇಳಿ ಬಸ್ ಹತ್ತಿ ಬಂದ್ರು. ಮಗಳು ಸ್ಟೇಜ್ ಹತ್ತಿದ್ರ ಊರಾಗ ಮಾರಿ ಹೆಂಗ ತೋರಸ್ಲಿ, ಸಾಲಿ ಬಿಡಿಸಿ ಕರಕೊಂಡು ಹೋಗ್ತೀನಿ ಅಂತ ಹಟ ಹಿಡದ್ರು. ಹುಡುಗಿ ಬಾಗಿಲ ಹಿಂದ ಅಳಾಕತ್ತಿದ್ಲು. ರಾಜನ ಪಾರ್ಟ್ ಕೊಡ್ತೀನ್ರಿ, ಮೀಸಿ ಹಚ್ಚಿದ್ರ ಯಾರೂ ಗುರುತು ಹಿಡಿಯಂಗಿಲ್ಲ ಅಂದೆ. ಅವರು ಹೆಗಲ ಮ್ಯಾಲಿನ ಟವೆಲ್ಲು ಝಾಡಿಸಿ ಎದ್ರು.

"ಒಂದ ಸಲ ನೋಡ್ತೀನ್ರಿ. ಮನಸಿಗೆ ಬರಲಿಲ್ಲಂದ್ರ ಅವತ್ತ ಕರಕೊಂಡು ಹೋಗಾಂವ. ಮತ್ತ ಮೀಸಿ ಜರಾ ದೊಡ್ಡದಿರ್ಲಿ."

ಆಯೇರ

ಸಾಲಿ ವರ್ಷದ ಗ್ಯಾದರಿಂಗ್ ದಿನ ಅವರಪ್ಪ, ರಾಜ ಯಾರಂತ ಹೇಳದ, ಊರ ಮಂದೀನ ಕರಕೊಂಡು ಬಂದು ಮುಂದ ಕುಂತಿದ್ರು. ಕಡೀ ಸೀನಿನ್ಯಾಗ ರಾಜ ಬಾಣ ತಾಗಿ ಬಿದ್ದು ಸತ್ತ. ಹೆಣ್ಮಕ್ಕಳು ಕಣ್ಣೀರು ಒರಸ್ಕೊಳ್ಳಾಕತ್ತಿದ್ರು. ಆವಾಗ ಅವರಪ್ಪ ಎದ್ದು ಸೀದಾ ಸ್ಟೇಜ್ ಹತ್ತಿದ್ರು. ಮುಗೀತು, ಕರಕೊಂಡು ಹೊಂಟ್ರು ಅನ್ಕೊಂಡೆ.

ನಮ್ಮ ಕಡೆ ಪದ್ಧತಿ ಗೊತ್ತಲ್ಲ, ಪಾರ್ಟು ಮನಸಿಗೆ ಬಂದ್ರ ನಾಟಕದ ನಡುವನ ಮ್ಯಾಲೆ ಹೋಗಿ ಅರಿಬಿನೋ ರೊಕ್ಕಾನೋ ಕೊಟ್ಟು ಆಯೇರ ಮಾಡಿ, ಮೈಕಿನ್ಯಾಗ ಹೇಳಬೇಕು. ಅವರು ಹೆಗಲ ಮ್ಯಾಲಿನ ಹೊಸ ಟವೆಲ್ಲು ತಗದು ರಾಜನ ಹೆಣಕ್ಕ ಹೊಚ್ಚಿದ್ರು. ಮೈಕ್ ಹಿಡದು, "ಈಕಿ ನನ್ನ ಮಗಳ್ರಿ" ಅಂದ್ರು. ಹಿರ್ಯಾರು ಆಯೇರ ಮಾಡಿದಾಗ ಮಲಕೊಂಡು ಇರಾಕ ಬರ್ತೈತೇನು? ರಾಜ ಎದ್ದು, ಅಪ್ಪನ ಕಾಲಿಗೆ ಬಿದ್ದು, ಮತ್ತ ಅದ ಜಾಗಾದಾಗ ಹೋಗಿ ಸತ್ತ.

ಅವರಪ್ಪ ಕಣ್ಣು ಒರಸ್ಕೋತ ನನ್ನ ಕಡೆ ಬಂದ್ರು.

"ಈಕಿ ಇಲ್ಲೇ ಕಲೀಲಿ ಮಾಸ್ತರ. ಬರೋ ವರ್ಷ ಸಾಯೋ ಪಾರ್ಟ್ ಮಾತ್ರ ಕೊಡಬ್ಯಾಡ್ರಿ. ಎಬ್ಬಿಸಿ ಆಯೇರ ಮಾಡಾಕ ತ್ರಾಸ ಆಕ್ಕೈತಿ."